ರಜೆಯ ಪೆಟ್ಟಿಗೆ ಕಟ್ಟುವ ಮೊದಲು ಪಟ್ಟಿ ಹರಿಯಿರಿ

ಬೆಂಗ್ರೆಯಲ್ಲಿ ವರ್ಷಕ್ಕೆ ಎರಡು ದೊಡ್ಡ ರಜೆ ಬರುತ್ತವೆ. ಎರಡೂ ಮಳೆಗಾಲದಲ್ಲೇ.

ಮೊದಲನೆಯದು ಜೂನ್ 1ಕ್ಕೆ ಶುರು. ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ಜುಲೈ 31ರ ತನಕ 61 ದಿನ ನಿಷೇಧ. ಆಂಧ್ರ, ಒಡಿಶಾ, ಜಾರ್ಖಂಡ್, ತಮಿಳುನಾಡು ಕಡೆಯಿಂದ ಬಂದು ಬೋಟಿನಲ್ಲಿ ದುಡಿಯುವ ಹುಡುಗರು ಆ ಎರಡು ತಿಂಗಳು ತಮ್ಮ ಊರಿಗೆ ಹೋಗುತ್ತಾರೆ. ಎರಡನೆಯದು ಜುಲೈಯಲ್ಲಿ. ದುಬೈ, ಶಾರ್ಜಾ, ದೋಹಾ ಕಡೆಯ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದೇ ಜುಲೈ, ಆಗಸ್ಟ್‌ನಲ್ಲಿ. ಅಲ್ಲಿರುವ ನಮ್ಮವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರಿಗೆ ಬರುತ್ತಾರೆ.

ಬೋಟಿನ ಹುಡುಗ ಹೊರಡುವಾಗ ಹೆಗಲಿಗೆ ಒಂದು ಬ್ಯಾಗು. ಫೆರಿ ಹತ್ತಿ ಬಂದರಿಗೆ ದಾಟುತ್ತಾನೆ, ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ. ಗಲ್ಫಿನಿಂದ ಬಂದವರ ಸಾಮಾನು ಕೆಂಜಾರಿನಿಂದ ಕಾವೂರು, ಕೂಳೂರು, ತಣ್ಣೀರುಬಾವಿ ದಾಟಿ ಬೆಂಗ್ರೆಗೆ ಮುಟ್ಟುವಾಗ ಕಾರಿನ ಡಿಕ್ಕಿ ತುಂಬಿ, ಮಾಡಿನ ಮೇಲೂ ಹಗ್ಗ ಕಟ್ಟಿರುತ್ತದೆ. ಇಬ್ಬರೂ ಎರಡು ತಿಂಗಳಿಗೇ ಹೊರಟವರು. ಸ್ಲೀಪರ್ ಬೋಗಿಯಲ್ಲಿ ಒಬ್ಬರಿಗೆ 40 ಕೆಜಿ ತನಕ ಉಚಿತವಾಗಿ ಒಯ್ಯಲು ರೈಲ್ವೆ ಬಿಡುತ್ತದೆ. ಆದರೂ ಆ ಹುಡುಗ ಅದರ ಅರ್ಧವನ್ನೂ ಹೊರುವುದಿಲ್ಲ. ವಿಮಾನದಲ್ಲಿ 20 ಅಥವಾ 30 ಕೆಜಿ ಎಂದು ಟಿಕೆಟ್‌ನಲ್ಲೇ ಬರೆದಿದ್ದರೂ ನಮ್ಮವರು ಕೌಂಟರ್ ಮುಂದೆ ಪೆಟ್ಟಿಗೆ ಬಿಚ್ಚಿ ಕೂರುತ್ತಾರೆ.

ಇದು ಜಾಣತನದ ವ್ಯತ್ಯಾಸ ಅಲ್ಲ. ಬೋಟಿನ ಹುಡುಗನ ಬ್ಯಾಗು ಅವನದ್ದು. ಗಲ್ಫಿನವರ ಬ್ಯಾಗು ಊರಿನದ್ದು. ನಾವು ಈ ಲೇಖನ ಬರೆಯುತ್ತಿರುವುದು ಗಲ್ಫಿನಲ್ಲಿ ಇರುವವರಿಗಿಂತ ಹೆಚ್ಚು ಇಲ್ಲಿ ಊರಿನಲ್ಲಿ ಕಾಯುತ್ತಿರುವವರಿಗೆ.

ಮೊಬೈಲಿನಲ್ಲಿ ಪ್ಯಾಕಿಂಗ್ ಎಂದು ಹುಡುಕಿದರೆ ನೂರು ವಿಡಿಯೋ ಬರುತ್ತದೆ. ಬಟ್ಟೆಯನ್ನು ಸುರುಳಿ ಸುತ್ತಿ, ಗಾಳಿ ಎಳೆಯುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹೀಗೆ ಮಡಚಿ, ಹಾಗೆ ತುರುಕಿ ಎನ್ನುತ್ತಾರೆ. ಗಾಳಿ ಎಳೆಯುವ ಚೀಲದ ಜಾಹೀರಾತು ನೋಡಿ ತರಿಸಿದವರು ನಮ್ಮಲ್ಲೂ ಇದ್ದಾರೆ. ಅದು ಜಾಗ ಉಳಿಸುತ್ತದೆ, ನಿಜ. ತೂಕ ಒಂದು ಗ್ರಾಮೂ ಇಳಿಸುವುದಿಲ್ಲ. ವಿಮಾನದವರು ಅಳೆಯುವುದು ಮೊದಲು ಕೆಜಿಯನ್ನು. ಜಾಗ ಉಳಿಯಿತು ಎಂದು ಇನ್ನೆರಡು ಸಾಮಾನು ತುಂಬಿಸಿ ತೂಕ ಏರಿಸಿಕೊಳ್ಳುವುದೇ ಆ ಚೀಲದಿಂದ ಆಗುವ ಲಾಭ!

ನಮ್ಮ ತೊಂದರೆ ಮಡಚುವುದರಲ್ಲಿ ಇಲ್ಲ, ಪಟ್ಟಿಯಲ್ಲಿ ಇದೆ.

ಟಿಕೆಟ್ ಆದ ಸುದ್ದಿ ಊರಿಗೆ ಮುಟ್ಟಿದ ದಿನವೇ ಪಟ್ಟಿ ಹೊರಡುತ್ತದೆ. ಮೊದಲು ಕಾಗದದಲ್ಲಿ ಹೋಗುತ್ತಿತ್ತು, ಈಗ ವಾಟ್ಸಾಪಿನಲ್ಲಿ ವಾಯ್ಸ್ ಆಗಿ ಹೋಗುತ್ತದೆ. ‘ಎಂತದೂ ಬೇಡ ಮೋನೆ, ನೀನು ಬಂದರೆ ಸಾಕು’ ಎನ್ನುವ ಉಮ್ಮನನ್ನು ಬಿಟ್ಟರೆ ಉಳಿದವರಿಗೆಲ್ಲ ಏನಾದರೂ ಬೇಕು. ಹಾಲಿನ ಪುಡಿ, ಟ್ಯಾಂಗ್, ಕೊಡಲಿ ಮಾರ್ಕಿನ ತೈಲ, ಟೈಗರ್ ಬಾಮ್, ಬಾದಾಮಿ, ಪಿಸ್ತಾ, ಅತ್ತರ್, ಬಾಡಿ ಸ್ಪ್ರೇ, ದಪ್ಪ ಕಂಬಳಿ. ಬೆಂಗ್ರೆಯ ಸೆಕೆಗೆ ಆ ಕಂಬಳಿ ಯಾಕೆ ಎಂದು ಯಾರೂ ಕೇಳುವುದಿಲ್ಲ. ಅದು ಕಪಾಟಿನಲ್ಲಿ ಪ್ಲಾಸ್ಟಿಕ್ ಕವರು ಬಿಚ್ಚದೆ ಇರಬೇಕು, ಅಷ್ಟೆ.

ಈ ಪಟ್ಟಿಗೆ ಒಂದು ಕಾಲದಲ್ಲಿ ಅರ್ಥ ಇತ್ತು. ವಿದೇಶಿ ಸಾಮಾನು ನಮ್ಮ ಅಂಗಡಿಯಲ್ಲಿ ಸಿಗದ ದಿನಗಳವು. ಗಲ್ಫಿಗೆ ಹೋಗುವವರು ಬಸ್ಸು ಹತ್ತಿ ಮುಂಬೈಗೆ ಹೋಗಿ, ಅಲ್ಲಿಂದ ವಿಮಾನ ಹಿಡಿಯುತ್ತಿದ್ದರು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದೇ 2006ರಲ್ಲಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಬರುವವನ ಪೆಟ್ಟಿಗೆ ಎಂದರೆ ಕೇರಿಗೆಲ್ಲ ಹಬ್ಬ. ಒಂದು ಸೋಪು ಕೊಟ್ಟರೂ ಅದು ನೆನಪು.

ಈಗ ಅದೇ ಬಾದಾಮಿ, ಅದೇ ಖರ್ಜೂರ, ಅದೇ ಸ್ಪ್ರೇ ಫೆರಿ ದಾಟಿದರೆ ಬಂದರಿನ, ಹಂಪನಕಟ್ಟೆಯ ಅಂಗಡಿಗಳಲ್ಲಿ ಇದೆ. ಮೊಬೈಲಿನಲ್ಲಿ ಒತ್ತಿದರೆ ಬಾಗಿಲಿಗೆ ಬರುತ್ತದೆ. ಅಲ್ಲಿ ದಿರ್ಹಮ್ ಕೊಟ್ಟು, ಹೊತ್ತು, ಹೆಚ್ಚಿನ ತೂಕಕ್ಕೆ ಮತ್ತೆ ದುಡ್ಡು ಕಟ್ಟಿ ತಂದರೆ ಆ ಹಾಲಿನ ಪುಡಿಯ ಕ್ರಯ ಎಷ್ಟಾಗುತ್ತದೆ? ಎರಡು ವರ್ಷ ಲೇಬರ್ ಕ್ಯಾಂಪಿನಲ್ಲಿ ಮಂಚದ ಮೇಲೆ ಮಂಚ ಹಾಕಿದ ಕೋಣೆಯಲ್ಲಿ ಮಲಗಿ ರಜೆ ಕೂಡಿಸಿಕೊಂಡವನು ಕೊನೆಯ ತಿಂಗಳ ಸಂಬಳದ ಎಷ್ಟು ಪಾಲನ್ನು ಪೆಟ್ಟಿಗೆಗೆ ಹಾಕುತ್ತಾನೆ ಎಂದು ಮನೆಯವರು ಒಮ್ಮೆ ಕೇಳಿ ನೋಡಲಿ. ಕೈ ಬೀಸಿಕೊಂಡು ಬಂದರೆ ಮರ್ಯಾದೆ ಹೋಗುತ್ತದೆ ಎಂದು ಅವನು ಹೆದರುತ್ತಾನೆ. ಆ ಹೆದರಿಕೆ ಹುಟ್ಟಿಸಿದವರು ನಾವೇ, ಊರಿನವರು.

ಪಟ್ಟಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಪೊಟ್ಟಣ.

‘ನೀವು ಹೋಗುವುದಲ್ಲವಾ, ಇದೊಂದು ಸಣ್ಣ ಪೊಟ್ಟಣ, ನನ್ನ ತಮ್ಮನಿಗೆ, ಏರ್‌ಪೋರ್ಟಿಗೆ ಬಂದು ತೆಗೆದುಕೊಳ್ಳುತ್ತಾನೆ.’ ಕರಾವಳಿಯಲ್ಲಿ ಈ ಮಾತು ಕೇಳದ ಗಲ್ಫ್ ಪ್ರಯಾಣಿಕ ಇಲ್ಲ. ಬೇಡ ಎನ್ನುವುದು ಕಷ್ಟ. ನೆರೆಯವರು, ಸಂಬಂಧಿಕರು, ನಾಳೆ ಮದುವೆಯಲ್ಲಿ ಮುಖ ನೋಡಬೇಕಾದವರು.

2019ರ ಜುಲೈಯಲ್ಲಿ ಮುಂಬೈಯ ಒಂದು ದಂಪತಿ ಕತಾರಿಗೆ ಹೊರಟಿದ್ದರು. ಪ್ರವಾಸದ ಟಿಕೆಟ್ ಉಡುಗೊರೆಯಾಗಿ ಕೊಟ್ಟದ್ದು ಗಂಡನ ಹತ್ತಿರದ ಸಂಬಂಧಿಯೇ. ಅವರೇ ಒಂದು ಪೊಟ್ಟಣವನ್ನೂ ಕೊಟ್ಟರು, ಜರ್ದಾ ಎಂದು ಹೇಳಿ. ದೋಹಾ ವಿಮಾನ ನಿಲ್ದಾಣದಲ್ಲಿ ತೆರೆದಾಗ ಅದರಲ್ಲಿ ಇದ್ದದ್ದು 4 ಕೆಜಿಗೂ ಹೆಚ್ಚು ಚರಸ್. ಇಬ್ಬರಿಗೂ 10 ವರ್ಷ ಜೈಲು ಶಿಕ್ಷೆ ಆಯಿತು. ಹೆಂಡತಿ ಆಗ ಗರ್ಭಿಣಿ, ಜೈಲಿನಲ್ಲೇ ಹೆಣ್ಣು ಮಗು ಹುಟ್ಟಿತು. ಊರಿನಲ್ಲಿದ್ದ ಮನೆಯವರು ನಮ್ಮ ದೇಶದ ಮಾದಕ ವಸ್ತು ನಿಯಂತ್ರಣ ಬ್ಯೂರೋಗೆ ದೂರು ಕೊಟ್ಟು, ತನಿಖೆ ನಡೆದು, ಇವರಿಗೆ ಏನೂ ತಿಳಿದಿರಲಿಲ್ಲ ಎಂದು ಸಾಬೀತಾಗಿ, ಅಲ್ಲಿನ ಕೋರ್ಟು ಬಿಡುಗಡೆ ಮಾಡಿ, ಅವರು ಮುಂಬೈಗೆ ಮರಳಿದ್ದು 2021ರ ಏಪ್ರಿಲ್‌ನಲ್ಲಿ. ಒಂದು ಪೊಟ್ಟಣಕ್ಕೆ ಸುಮಾರು ಒಂದೂಮುಕ್ಕಾಲು ವರ್ಷ. ಅವರಿಗೆ ಹಿಂದೆ ನಿಂತು ಓಡಾಡುವ ಮನೆಯವರು ಇದ್ದರು, ಹೊರಗೆ ಬಂದರು. ಸೌದಿಯಲ್ಲಿ ಮಾದಕ ವಸ್ತು ಸಾಗಾಟದ ಪ್ರಕರಣಗಳಲ್ಲಿ 2022ರ ನವೆಂಬರ್‌ನಿಂದ ಮರಣದಂಡನೆ ಮತ್ತೆ ಜಾರಿಯಾಗುತ್ತಿದೆ.

ಆದ್ದರಿಂದ ನಾವು ಹೇಳುವುದು ನೇರ ಮಾತು: ಅಂಟಿಸಿ ಕಟ್ಟಿದ ಪೊಟ್ಟಣ ಯಾರು ಕೊಟ್ಟರೂ ಬೇಡ. ಕೊಟ್ಟವರು ಬೇಸರ ಮಾಡಿಕೊಳ್ಳಲಿ. ತೆಗೆದುಕೊಳ್ಳಲೇಬೇಕಾದರೆ ಅವರ ಎದುರಿಗೇ ಬಿಚ್ಚಿ, ಒಳಗಿನದನ್ನು ನೋಡಿ, ನಿಮ್ಮ ಕೈಯಲ್ಲೇ ಮತ್ತೆ ಕಟ್ಟಿ. ಬಿಚ್ಚಲು ಒಪ್ಪದವರ ಪೊಟ್ಟಣ ಹಾಗೆಯೇ ವಾಪಸು ಹೋಗಲಿ. ಪ್ರತಿಯೊಬ್ಬನೂ ತಾನೊಬ್ಬನೇ ಬೇಡ ಎಂದರೆ ಕೆಟ್ಟವನಾಗುತ್ತಾನೆ. ಊರಿನ ಹಿರಿಯರು, ಜಮಾಅತಿನವರು, ಮೊಗವೀರ ಸಭೆಯವರು ಸೇರಿ ‘ನಮ್ಮಲ್ಲಿ ಪೊಟ್ಟಣ ಕೊಡುವ ಕ್ರಮ ಇಲ್ಲ’ ಎಂದು ಒಂದು ಮಾತು ಹೇಳಿದರೆ ಯಾರೂ ಕೆಟ್ಟವರಾಗಬೇಕಿಲ್ಲ.

ಬರುವ ದಾರಿಯಲ್ಲೂ ಪೊಟ್ಟಣ ಇದೆ. ಅದರಲ್ಲಿ ಇರುವುದು ಚಿನ್ನ. ಮಂಗಳೂರು ಕಸ್ಟಮ್ಸ್‌ನವರು ಹಿಡಿದ ಚಿನ್ನದ ಸುದ್ದಿಯನ್ನು ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕ ಇಟ್ಟಿಲ್ಲ. ಟ್ರಾಲಿ ಬ್ಯಾಗಿನ ಹಿಡಿಕೆಯಲ್ಲಿ, ಪೇಸ್ಟ್ ಮಾಡಿ ಒಳಉಡುಪಿನಲ್ಲಿ. ಟಿಕೆಟ್ ದುಡ್ಡು ನಾವು ಕೊಡುತ್ತೇವೆ ಎಂದು ಹೇಳಿದವರ ಹೆಸರು ಆ ಸುದ್ದಿಯಲ್ಲಿ ಬರುವುದಿಲ್ಲ, ಹೊತ್ತು ತಂದ ಹುಡುಗನ ವಯಸ್ಸು, ಊರು ಬರುತ್ತದೆ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರುವ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ ಆಭರಣ ಸುಂಕ ಇಲ್ಲದೆ ತರಲು ಕಾನೂನಿನಲ್ಲಿ ಅವಕಾಶ ಇದೆ. ಅದಕ್ಕೆ ಖರೀದಿ ಬಿಲ್ಲು ಕೈಯಲ್ಲಿ ಇರಬೇಕು. ಬಿಸ್ಕತ್ತು, ನಾಣ್ಯ ಆಭರಣದ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ನಮ್ಮ ಅಡುಗೆಮನೆ. ಇಲ್ಲಿ ಕೆಟ್ಟ ಉದ್ದೇಶ ಯಾರಿಗೂ ಇಲ್ಲ, ಆದರೂ ಅಪಾಯ ಇದೆ. ಮಗ ವಾಪಸು ಹೊರಟಾಗ ಮನೆಯಲ್ಲಿ ಹೆಂಗಸರು ವಾರ ಮೊದಲೇ ತಯಾರಿ ಶುರು ಮಾಡುತ್ತಾರೆ. ಒಣಮೀನು, ಕೋರಿ ರೊಟ್ಟಿ, ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಹುರಿದು ಪುಡಿ ಮಾಡಿದ ಮಸಾಲೆ. (ಪೆಟ್ಟಿಗೆ ಕಟ್ಟುವುದು ಹೆಂಗಸರು. ಗಂಡಸರ ಕೆಲಸ ಕೊನೆಗೆ ಬ್ಯಾಗಿನ ಮೇಲೆ ಕೂತು ಜಿಪ್ ಎಳೆಯುವುದು.) ಆ ಮಸಾಲೆಯಲ್ಲಿ ಗಸಗಸೆ ಇದೆಯೇ? ನಮಗೆ ಅದು ಪಾಯಸಕ್ಕೆ, ಕುರ್ಮಾಕ್ಕೆ ಹಾಕುವ ಬಿಳಿ ಕಾಳು. ಯುಎಇಯಲ್ಲಿ, ಸೌದಿಯಲ್ಲಿ ಅದು ನಿಷೇಧಿತ ವಸ್ತು, ಅಫೀಮಿನ ಗಿಡದ ಬೀಜ. ಅಡುಗೆಗೆ ತಂದದ್ದು ಎಂದರೆ ಅಲ್ಲಿ ನಡೆಯುವುದಿಲ್ಲ. ಬಿಡಿ ಕಾಳು ಮಾತ್ರ ಅಲ್ಲ, ಪುಡಿಯಲ್ಲಿ ಬೆರೆತದ್ದೂ, ಸಿಹಿತಿಂಡಿಯ ಮೇಲೆ ಉದುರಿಸಿದ್ದೂ ಬೇಡ. ವೀಳ್ಯದೆಲೆಯೂ ಯುಎಇಗೆ ಒಯ್ಯುವಂತಿಲ್ಲ. ಅಜ್ಜಿಯರು ಇದನ್ನು ಓದುವುದಿಲ್ಲ, ಓದುವ ಮೊಮ್ಮಕ್ಕಳು ಹೇಳಿಬಿಡಿ.

ಒಣ ಕೊಬ್ಬರಿಯ ಕತೆ ಬೇರೆ. ಅದನ್ನು ತಡೆಯುವುದು ಅಲ್ಲಿ ಅಲ್ಲ, ಇಲ್ಲಿಯೇ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಹೊತ್ತಿಕೊಳ್ಳುತ್ತದೆ ಎಂದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2022ರಲ್ಲಿ ಅದನ್ನು ಚೆಕ್-ಇನ್ ಬ್ಯಾಗಿನ ನಿಷೇಧಿತ ಪಟ್ಟಿಗೆ ಸೇರಿಸಿತು. ಎಕ್ಸ್‌ರೇಯಲ್ಲಿ ಕಂಡರೆ ಬ್ಯಾಗು ಬಿಚ್ಚಿಸಿ ತೆಗೆಸುತ್ತಾರೆ. ಪವರ್ ಬ್ಯಾಂಕಿಗೂ ಬೆಂಕಿಯದ್ದೇ ಭಯ. ಅದು ದೊಡ್ಡ ಬ್ಯಾಗಿನಲ್ಲಿ ಇರಲೇಬಾರದು, ಕೈಚೀಲದಲ್ಲಿ ಇರಬೇಕು. ಉಪ್ಪಿನಕಾಯಿ, ತುಪ್ಪ, ತೆಂಗಿನೆಣ್ಣೆ ಕೈಚೀಲದಲ್ಲಿ ಬೇಡ.

ಔಷಧದ ಬಗ್ಗೆ ಇನ್ನೂ ಹೆಚ್ಚು ಜಾಗ್ರತೆ ಬೇಕು. ಟ್ರಾಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು ಇಲ್ಲಿ ಡಾಕ್ಟರು ಚೀಟಿ ಬರೆದರೆ ಮೆಡಿಕಲಿನಲ್ಲಿ ಸಿಗುತ್ತದೆ. ಗಲ್ಫಿನಲ್ಲಿ ಅವು ನಿಯಂತ್ರಿತ ಮಾದಕ ಔಷಧಗಳ ಸಾಲಿನಲ್ಲಿ ಇವೆ. ಯುಎಇಗಾದರೆ ಅಲ್ಲಿನ ಸರ್ಕಾರದ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗೂ ಇಂಗ್ಲಿಷಿನಲ್ಲಿ ಬರೆದ ಡಾಕ್ಟರ ಚೀಟಿ ಜೊತೆಗಿರಲಿ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ತೆಗೆದು ಡಬ್ಬಿಗೆ ಸುರಿಯಬೇಡಿ, ಯಾವ ಮಾತ್ರೆ ಎಂದು ಸ್ಟ್ರಿಪ್ಪು ಮಾತ್ರ ಹೇಳುತ್ತದೆ. ‘ಅಲ್ಲಿ ಡಾಕ್ಟರು ದುಬಾರಿ’ ಎಂದು ಬೇರೆಯವರಿಗೋಸ್ಕರ ಮಾತ್ರೆ ಒಯ್ಯುವುದೂ ಒಂದು ಪೊಟ್ಟಣವೇ.

ಹಾಗಾದರೆ ಪೆಟ್ಟಿಗೆ ಕಟ್ಟುವುದು ಹೇಗೆ? ಇದನ್ನು ಬೆಂಗ್ರೆಯವರಿಗೆ ಹೊರಗಿನಿಂದ ಕಲಿಸಬೇಕಾಗಿಲ್ಲ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ಹತ್ತು ದಿನದ ಲೆಕ್ಕದಲ್ಲಿ ಹೊರಡುತ್ತದೆ. ಡೀಸೆಲು, ಮಂಜುಗಡ್ಡೆ, ಕುಡಿಯುವ ನೀರು, ಅಕ್ಕಿ, ತರಕಾರಿ ಎಲ್ಲವನ್ನೂ ತಾಂಡೇಲ ಅಳತೆಯಲ್ಲಿ ತುಂಬಿಸುತ್ತಾನೆ. ಜಾಸ್ತಿ ತುಂಬಿಸಿದರೆ ಬರುವಾಗ ಮೀನಿಗೆ ಜಾಗ ಇಲ್ಲ. ಪರ್ಸೀನ್ ಬೋಟಿನ ಬಲೆ ನೋಡಿ. ನೀರಿಗೆ ಮೊದಲು ಇಳಿಯಬೇಕಾದ ತುದಿ ಮೇಲೆ ಬರುವ ಹಾಗೆ ಮಡಚಿ ಪೇರಿಸಿರುತ್ತಾರೆ. ಕ್ರಮ ತಪ್ಪಿದರೆ ಸಮುದ್ರದ ಮಧ್ಯೆ ಬಲೆ ಗಂಟು. ಬ್ಯಾಗಿಗೂ ಇದೇ ಕ್ರಮ ಸಾಕು: ಇಳಿದ ದಿನ ರಾತ್ರಿ ಬೇಕಾದ್ದು ಎಲ್ಲಕ್ಕಿಂತ ಮೇಲೆ, ಭಾರದ್ದು ಚಕ್ರದ ಬದಿಗೆ, ಒಡೆಯುವಂಥದ್ದು ಬಟ್ಟೆಯ ನಡುವೆ. ಕೋರಿ ರೊಟ್ಟಿ ಗಟ್ಟಿ ಡಬ್ಬಿಯಲ್ಲಿ ಹೋಗದಿದ್ದರೆ ಅಲ್ಲಿಗೆ ಮುಟ್ಟುವುದು ರೊಟ್ಟಿಯ ಹುಡಿ. ಒಣಮೀನಿಗೆ ಮೂರು ಸುತ್ತು ಪ್ಲಾಸ್ಟಿಕ್, ಅದರ ಮೇಲೆ ಬಿಗಿ ಮುಚ್ಚಳದ ಡಬ್ಬಿ, ಇಲ್ಲವಾದರೆ ಎರಡು ವರ್ಷ ಆ ಬ್ಯಾಗಿನ ವಾಸನೆ ಹೋಗದು.

ಜುಲೈಯಲ್ಲಿ ಬರುವವರು ಒಂದು ಲೆಕ್ಕ ಮರೆಯುತ್ತಾರೆ. ಅಲ್ಲಿ 45 ಡಿಗ್ರಿ ಬಿಸಿಲು, ಇಲ್ಲಿ ಜಡಿಮಳೆ. ಮಕ್ಕಳ ಜೀನ್ಸು ತಂದರೆ ಬೆಂಗ್ರೆಯಲ್ಲಿ ಅದು ವಾರವಾದರೂ ಒಣಗುವುದಿಲ್ಲ. ತೆಳು ಬಟ್ಟೆ ನಾಲ್ಕು ಜೊತೆ, ರಬ್ಬರ್ ಚಪ್ಪಲಿ, ಸಾಕು. ಚಪ್ಪಲಿ, ಕೊಡೆ ಇಲ್ಲಿಯೇ ಕೊಳ್ಳಬಹುದು. ಖಾಲಿ ಬ್ಯಾಗನ್ನು ಎರಡು ತಿಂಗಳು ಅಟ್ಟದಲ್ಲಿ ಇಟ್ಟರೆ ಬೂಸ್ಟು ಹಿಡಿಯುತ್ತದೆ. ಒಳಗೆ ಹಳೇ ಪೇಪರು ತುಂಬಿಸಿಡಿ. ಸಮುದ್ರದ ಉಪ್ಪುಗಾಳಿಗೆ ಜಿಪ್ ಬಿಗಿಯುತ್ತದೆ, ಮೇಣದಬತ್ತಿ ಉಜ್ಜಿದರೆ ಸರಿ. ಬ್ಯಾಗಿನ ಒಳಗೂ ಒಂದು ಚೀಟಿಯಲ್ಲಿ ಹೆಸರು ಮತ್ತು ಊರಿನ ಫೋನ್ ನಂಬರು ಇರಲಿ, ಹೊರಗಿನ ಟ್ಯಾಗು ಹರಿದುಹೋಗುವುದು ಹೊಸತಲ್ಲ.

ರಟ್ಟಿನ ಡಬ್ಬದ ಬಗ್ಗೆ ಪೇಟೆಯವರು ನಗುವುದನ್ನು ನೋಡಿದ್ದೇವೆ. ನಗುವವರಿಗೆ ಲೆಕ್ಕ ಗೊತ್ತಿಲ್ಲ. ದೊಡ್ಡ ಸೂಟ್‌ಕೇಸು ಖಾಲಿ ಇರುವಾಗಲೇ ನಾಲ್ಕೈದು ಕೆಜಿ ತೂಗುತ್ತದೆ, ರಟ್ಟಿನ ಡಬ್ಬ ಒಂದು ಕೆಜಿಯ ಆಸುಪಾಸು. ಉಳಿದ ಕೆಜಿಯಲ್ಲಿ ಸಾಮಾನು ಹೋಗುತ್ತದೆ. ಆದರೆ ಕಟ್ಟುವ ರೀತಿ ಬದಲಾಗಬೇಕು. ಚಪ್ಪಟೆ ಬದಿ ಇಲ್ಲದ, ಉರುಟಾದ, ಅಡ್ಡಾದಿಡ್ಡಿ ಗಂಟುಗಳನ್ನು ದುಬೈ ವಿಮಾನ ನಿಲ್ದಾಣ 2017ರ ಮಾರ್ಚ್‌ನಿಂದ ತೆಗೆದುಕೊಳ್ಳುವುದಿಲ್ಲ, ಅವು ಬೆಲ್ಟಿನ ಯಂತ್ರದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಜಿದ್ದಾದಲ್ಲಿ ಹಗ್ಗ ಕಟ್ಟಿದ್ದು, ಬಟ್ಟೆ ಸುತ್ತಿದ್ದು ಕೂಡ ಬೇಡ ಎಂದಿದ್ದಾರೆ. ಡಬ್ಬ ಚೌಕವಾಗಿರಲಿ, ಹಗ್ಗದ ಬದಲು ಅಗಲ ಟೇಪು ಇರಲಿ. ಹೊರಗೆ ಹೆಸರನ್ನು ಮಾರ್ಕರಿನಲ್ಲಿ ದೊಡ್ಡದಾಗಿ ಬರೆಯುವ ಹಳೇ ಕ್ರಮ ಬಿಡಬೇಡಿ.

ಕಾಗದ ಪತ್ರ ಬಟ್ಟೆಗಿಂತ ಮೊದಲು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಷ್ಯ ಇದೆಯೇ ನೋಡಿ. ಸೌದಿಯಿಂದ ಬಂದವರು ಮರುಪ್ರವೇಶದ ವೀಸಾದ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಮಾಡಿ. ಯುಎಇಯ ನಿವಾಸಿ ವೀಸಾ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ರದ್ದಾಗುತ್ತದೆ. ಮನೆ ಕಟ್ಟಿಸುವುದು, ತಂಗಿಯ ಮದುವೆ ಎಂದು ರಜೆ ಎಳೆಯುವವರು ಇದನ್ನು ನೆನಪಿಡಬೇಕು. ಎಲ್ಲದರ ಪ್ರತಿ ಒಂದು ಊರಿನ ಮನೆಯಲ್ಲಿ, ಒಂದು ಮೊಬೈಲಿನಲ್ಲಿ.

ಈಗ ಕೇಳಬೇಕಾದವರನ್ನು ಕೇಳೋಣ. ಒಯ್ಯಬಾರದ ವಸ್ತುಗಳ ಪಟ್ಟಿ ನಮ್ಮ ಜನರ ಕಣ್ಣಿಗೆ ಬೀಳುವುದು ಕೌಂಟರಿನ ಮುಂದೆ ನಿಂತಾಗ. ಅಷ್ಟು ಹೊತ್ತಿಗೆ ಪೆಟ್ಟಿಗೆಗೆ ಟೇಪು ಬಿದ್ದಿರುತ್ತದೆ, ಬಿಡಲು ಬಂದವರು ಹೊರಗೆ ಉಳಿದಿರುತ್ತಾರೆ. ಟಿಕೆಟ್ ಮಾರುವ ಟ್ರಾವೆಲ್ಸ್‌ನವರು ಟಿಕೆಟಿನ ಜೊತೆಗೇ ಕನ್ನಡದಲ್ಲಿ ಒಂದು ಪುಟದ ಪಟ್ಟಿ ಕೊಡಲಿ. ಗಸಗಸೆ, ಕೊಬ್ಬರಿ, ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪು, ಪೊಟ್ಟಣ ಎಂದು ಅಡುಗೆಮನೆಯ ಭಾಷೆಯಲ್ಲಿ ಇರಲಿ. ಕಾನೂನಿನ ಭಾಷೆಯಲ್ಲಿ ಬೇಡ. ಒಂದು ಪುಟಕ್ಕೆ ಹೆಚ್ಚೆಂದರೆ ಎರಡು ರೂಪಾಯಿ ಖರ್ಚು. ಅದನ್ನೇ ಫೆರಿ ಇಳಿಯುವಲ್ಲಿ ಒಂದು ಬೋರ್ಡಿನಲ್ಲಿ ಹಾಕಲಿ, ಬೆಂಗ್ರೆಯ ಮುಕ್ಕಾಲು ಜನ ಅದರ ಎದುರೇ ನಿಂತು ದೋಣಿ ಕಾಯುವವರು. (ಸುಲ್ತಾನ್ ಬತ್ತೇರಿಯಿಂದ ತೂಗುಸೇತುವೆ ಬರುತ್ತದೆ ಎಂದು ಕೇಳುತ್ತ ಒಂದು ತಲೆಮಾರು ಬೆಳೆದಿದೆ. ಬೋರ್ಡು ಅದಕ್ಕಿಂತ ಬೇಗ ಬಂದೀತು ಎಂದು ನಂಬುತ್ತೇವೆ.)

ಇನ್ನೊಂದು, ತಕ್ಕಡಿ. ಬಚ್ಚಲುಮನೆಯ ಹೊರಗಿಟ್ಟ ಮನುಷ್ಯರು ತೂಗುವ ಯಂತ್ರದ ಮೇಲೆ ಬ್ಯಾಗು ಇಟ್ಟು ಅಂದಾಜು ಮಾಡುವ ಮನೆಗಳು ಎಷ್ಟೋ ಇವೆ, ಅದು ಒಂದೆರಡು ಕೆಜಿ ಸುಳ್ಳು ಹೇಳುತ್ತದೆ. ದಕ್ಕೆಯಲ್ಲಿ ಮೀನು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗಳು ಜೂನ್, ಜುಲೈ ಎರಡು ತಿಂಗಳೂ ಹೆಚ್ಚಿನವು ಸುಮ್ಮನೆ ಮೂಲೆಯಲ್ಲಿ ಇರುತ್ತವೆ. ಅದರಲ್ಲಿ ಒಂದನ್ನು ಚೆನ್ನಾಗಿ ತೊಳೆದು ಫೆರಿ ಇಳಿಯುವಲ್ಲಿ ಇಡಬಹುದು. ಆಗಸ್ಟ್ 1ರ ನಂತರ ಅದು ಮತ್ತೆ ಮೀನಿಗೆ ಬೇಕಾಗುತ್ತದೆ. ಆಗಸ್ಟ್ ಕೊನೆಗೆ ವಾಪಸು ಹೊರಡುವವರು ಬೆಳಗಿನ ಏಲಂ ಮುಗಿದ ಮೇಲೆ ಬ್ಯಾಗು ತಂದರಾಯಿತು.